ಫಲಕದ ಅಳತೆ, ಭಾಷೆಯ ಅಳತೆ: ದಾವಣಗೆರೆ–ಹರಿಹರದ ಅಂಗಡಿ ಫಲಕಗಳ ಕಾನೂನು ಚರಿತ್ರೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ‘ರಾಂ ಅಂಡ್ ಕೋ ವೃತ್ತ’ ಎಂಬ ಸ್ಥಳವಿದೆ. ಹೆಸರೇ ಹೇಳುವಂತೆ ಅದು ಒಂದು ವ್ಯಾಪಾರಿ ಸಂಸ್ಥೆಯ ಹೆಸರು. ಅಂಗಡಿಯ ಮೇಲೆ ಬರೆದದ್ದು ಕ್ರಮೇಣ ಊರಿನ ಬಾಯಿಗೆ ಬಂದು, ಆಟೋ ಚಾಲಕರ ದಾರಿಗುರುತಾಗಿ, ವಿಳಾಸದ ಭಾಗವಾಗಿ ನಿಂತಿದೆ. ಈ ಹೆಸರಿನ ಮೂರು ಘಟಕಗಳಲ್ಲಿ ಮೊದಲನೆಯದು ಸಂಸ್ಕೃತ ಮೂಲದ ವ್ಯಕ್ತಿನಾಮ, ಎರಡನೆಯದು ಇಂಗ್ಲಿಷಿನ ಸಮುಚ್ಚಯ ಪದ, ಮೂರನೆಯದು ಇಂಗ್ಲಿಷ್ ಪದವೊಂದರ ಸಂಕ್ಷೇಪ. ಇದನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಫಲಕದ ಮೇಲ್ಭಾಗದಲ್ಲಿ ಹಾಕಿದರೆ ಇಂದಿನ ಕಾನೂನಿನ ಕಣ್ಣಿಗೆ ಅದು ಕನ್ನಡ ಫಲಕ. ಭಾಷಾವಿಜ್ಞಾನದ ವಿದ್ಯಾರ್ಥಿಯೊಬ್ಬನಿಗೆ ಇದೇ ಸಾಲನ್ನು ವಿಶ್ಲೇಷಣೆಗೆ ಕೊಟ್ಟರೆ ಅವನು ಅಷ್ಟು ಸುಲಭವಾಗಿ ಉತ್ತರಿಸಲಾರ. ಈ ಎರಡು ಉತ್ತರಗಳ ನಡುವಿನ ಅಂತರ ಹೇಗೆ ಉಂಟಾಯಿತು ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಅಂತರಕ್ಕೆ ಕಾರಣ ಕಾನೂನು ರೂಪಿಸಿದವರ ಅಜ್ಞಾನವಲ್ಲ ಎಂದು ನಾವು ಭಾವಿಸುತ್ತೇವೆ. ನಮ್ಮ ನಗರಾಡಳಿತದ ಶಾಸನಗಳಲ್ಲಿ ಅಂಗಡಿ ಫಲಕವು ಮೊದಲು ಜಾಗ ಹಿಡಿಯುವ ವಸ್ತುವಾಗಿ, ಬಳಿಕ ತೆರಿಗೆಗೆ ಒಳಪಡುವ ವಸ್ತುವಾಗಿ ಕಾಣಿಸಿಕೊಂಡಿತು. ಭಾಷೆಯ ಪ್ರಶ್ನೆ ಬಹಳ ತಡವಾಗಿ, ಬೇರೆ ಇಲಾಖೆಯ ಬಾಗಿಲಿನಿಂದ ಒಳಬಂದಿತು. ಬಂದಾಗ ಅದರ ಕೈಗೆ ಸಿಕ್ಕಿದ್ದು ಅದೇ ಹಳೆಯ ಅಳತೆಪಟ್ಟಿ.

ಎರಡು ಊರು, ನಾಲ್ಕು ಕಾಗದ

ದಾವಣಗೆರೆಗೂ ಹರಿಹರಕ್ಕೂ ನಡುವೆ ಹದಿನಾಲ್ಕು ಕಿಲೋಮೀಟರಿನಷ್ಟು ದೂರ. ನಗರ ಯೋಜನೆಯ ದೃಷ್ಟಿಯಿಂದ ಇವೆರಡೂ ಒಂದೇ ಘಟಕ; ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದವು. ಸ್ಥಳೀಯ ಆಡಳಿತದ ದೃಷ್ಟಿಯಿಂದ ಬೇರೆ ಬೇರೆ. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಗಿ 1976ರ ಪೌರ ನಿಗಮಗಳ ಅಧಿನಿಯಮದ ಅಡಿಗೆ ಬಂದಿತು. ಹರಿಹರ ನಗರಸಭೆಯಾಗಿ 1964ರ ಪುರಸಭೆಗಳ ಅಧಿನಿಯಮದ ಅಡಿಯಲ್ಲಿಯೇ ಉಳಿದಿದೆ. ಆ 1964ರ ಅಧಿನಿಯಮವೇ ಒಂದು ಏಕೀಕರಣದ ಕೆಲಸ. ಅದಕ್ಕೆ ಮೊದಲು ಹಳೆಯ ಮೈಸೂರಿನ ಊರುಗಳಿಗೆ 1951ರ ಪಟ್ಟಣ ಪುರಸಭೆಗಳ ಕಾಯಿದೆ, ಅದಕ್ಕೂ ಹಿಂದೆ 1906ರ ಪುರಸಭಾ ರೆಗ್ಯುಲೇಷನ್ ಇದ್ದವು. ಮುಂಬಯಿ, ಹೈದರಾಬಾದು, ಮದರಾಸು ಭಾಗಗಳಿಂದ ಬಂದ ಊರುಗಳಿಗೆ ಅವುಗಳದೇ ಕಾನೂನು. ಹರಿಹರದ ಮಟ್ಟಿಗೆ ಇದು ದೂರದ ಸಂಗತಿಯಲ್ಲ. 1956ರವರೆಗೆ ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಸೇತುವೆ ದಾಟಿದರೆ ಆಡಳಿತವೂ ಬೇರೆ, ಆಡಳಿತದ ಮೇಲೆ ಮರಾಠಿಯ ಪ್ರಭಾವವೂ ಬೇರೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಆರಂಭವಾದಾಗ ಮರಾಠಿ ಮನೆತನದ ಹೆಸರೊಂದು ನದಿಯ ಈ ದಡದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಕಾಣಿಸಿತು.

ಇಂದು ಈ ಊರುಗಳಲ್ಲಿ ಅಂಗಡಿ ತೆರೆಯುವವರು ಮುಖ್ಯವಾಗಿ ನಾಲ್ಕು ಬಗೆಯ ಅನುಮತಿಗಳನ್ನು ಎದುರಿಸುತ್ತಾರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಅಡಿಯ ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ಯಾವ ವಲಯದಲ್ಲಿದೆ, ಅಲ್ಲಿ ವ್ಯಾಪಾರಕ್ಕೆ ಅವಕಾಶವಿದೆಯೇ ಎಂಬುದು ಒಂದು. ಪಾಲಿಕೆ ಅಥವಾ ನಗರಸಭೆಯ ಉದ್ದಿಮೆ ಪರವಾನಗಿ ಎರಡು. ಫಲಕವನ್ನು ರಸ್ತೆಗೆ ಕಾಣುವಂತೆ ನಿಲ್ಲಿಸಲು ಬೇಕಾದ ಅನುಮತಿ ಮೂರು. 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ಕಾರ್ಮಿಕ ಇಲಾಖೆಯ ನೋಂದಣಿ ನಾಲ್ಕನೆಯದು. ಫಲಕವನ್ನು ಪ್ರತ್ಯಕ್ಷವಾಗಿ ಉದ್ದೇಶಿಸುವುದು ಮೂರನೆಯ ಅನುಮತಿ ಮಾತ್ರ. ಆದರೆ ಫಲಕದ ಭಾಷೆಯ ಬಗ್ಗೆ ದೀರ್ಘಕಾಲ ಮಾತನಾಡಿದ್ದು ನಾಲ್ಕನೆಯದು. ಕೆಲಸದ ಗಂಟೆ, ವಾರದ ರಜೆ, ವೇತನ ಸಹಿತ ರಜೆಗಳನ್ನು ಕುರಿತ ಕಾನೂನಿನ ಕೆಳಗೆ ಭಾಷೆಯ ನಿಯಮ ಬಂದು ಕುಳಿತದ್ದು ವಿಚಿತ್ರವಾಗಿ ಕಾಣಬಹುದು.

ವಲಯ ನಿಯಮಗಳಿಗೆ ಭಾಷೆಯ ಹಂಗಿಲ್ಲವೆಂದು ಅವನ್ನು ಕೈಬಿಡುವಂತಿಲ್ಲ. ವಸತಿ ವಲಯದ ಮನೆಯೊಂದರಲ್ಲಿ ಹೊಲಿಗೆ ನಡೆಯುತ್ತಿದ್ದರೆ, ಮನೆಪಾಠ ನಡೆಯುತ್ತಿದ್ದರೆ, ಅದು ಎಷ್ಟೋ ಕಾಲ ಯಾರ ಗಮನಕ್ಕೂ ಬರುವುದಿಲ್ಲ. ಗೋಡೆಯ ಮೇಲೆ ಫಲಕ ಬಂದ ದಿನ ಆ ಕಟ್ಟಡದ ಬಳಕೆ ಬದಲಾಗಿದೆಯೆಂಬ ಪ್ರಶ್ನೆ ಏಳುತ್ತದೆ. ಜೆ.ಎಲ್. ಆಸ್ಟಿನ್ ಹೇಳಿದ ಅರ್ಥದಲ್ಲಿ ಇಲ್ಲಿ ಬರಹವು ಸಂಗತಿಯನ್ನು ತಿಳಿಸುವುದಷ್ಟೇ ಅಲ್ಲ, ಒಂದು ಕ್ರಿಯೆಯನ್ನು ನಡೆಸುತ್ತದೆ. ಮನೆಯನ್ನು ಅಂಗಡಿಯೆಂದು ಘೋಷಿಸುತ್ತದೆ. ಯೋಜನಾ ಕಾನೂನಿಗೆ ಆ ಘೋಷಣೆ ಯಾವ ಭಾಷೆಯಲ್ಲಿದೆ ಎಂಬುದು ಮುಖ್ಯವಲ್ಲ, ಅದು ನಡೆದಿದೆ ಎಂಬುದು ಮುಖ್ಯ.

ಹೆಸರೋ ಜಾಹೀರಾತೋ

ಪೌರ ನಿಗಮಗಳ ಅಧಿನಿಯಮವು ಜಾಹೀರಾತಿಗೆ ಆಯುಕ್ತರ ಲಿಖಿತ ಅನುಮತಿಯನ್ನು ಕಡ್ಡಾಯ ಮಾಡಿತು, ಜಾಹೀರಾತು ತೆರಿಗೆಗೂ ಅವಕಾಶ ಕೊಟ್ಟಿತು. ಈ ಸಾಲಿನ ಕಾನೂನುಗಳಲ್ಲಿ ‘ಸ್ಕೈ-ಸೈನ್’ ಎಂಬ ಪದ ಬರುತ್ತದೆ. ಕಂಬ, ಚೌಕಟ್ಟುಗಳ ಆಸರೆಯಲ್ಲಿ ಆಕಾಶದ ಹಿನ್ನೆಲೆಗೆ ಕಾಣುವಂತೆ ಎತ್ತರಿಸಿದ ಬರಹಕ್ಕೆ ಆ ಹೆಸರು. ಪದವೂ ಕಲ್ಪನೆಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಲಂಡನ್ನಿನದು. 1891ರಲ್ಲಿ ಅಲ್ಲಿ ಇಂಥ ಫಲಕಗಳ ಮೇಲೆಯೇ ಪ್ರತ್ಯೇಕ ಕಾಯಿದೆ ಬಂದಿತ್ತು. ಅಲ್ಲಿನ ಮಬ್ಬು ಆಕಾಶಕ್ಕಾಗಿ ಹುಟ್ಟಿದ ಪದ ನಮ್ಮ ಪಾಲಿಕೆಗಳ ಕಡತ ಸೇರಿದ್ದು ವಸಾಹತು ಕಾಲದ ಪುರಸಭಾ ಶಾಸನಗಳ ಮಾರ್ಗವಾಗಿ.

ಭಾಷಾವಿಜ್ಞಾನಕ್ಕೆ ಇಲ್ಲಿ ಹೆಚ್ಚು ಪ್ರಯೋಜನಕರವಾದುದು ಇನ್ನೊಂದು ಭೇದ. ಕಟ್ಟಡದೊಳಗೆ ನಡೆಯುವ ವ್ಯಾಪಾರಕ್ಕೇ ಸಂಬಂಧಿಸಿದ ಫಲಕಕ್ಕೆ, ಅದು ಸ್ಕೈ-ಸೈನ್ ಅಲ್ಲದಿದ್ದರೆ, ತೆರಿಗೆಯಿಂದ ವಿನಾಯಿತಿ ಕೊಡುವುದು ಭಾರತದ ಹಲವು ಪಾಲಿಕೆ ಕಾನೂನುಗಳ ವಾಡಿಕೆ. ಅಂದರೆ ಕಾನೂನು ಹೆಸರಿಸುವ ಬರಹವನ್ನೂ ಒಲಿಸುವ ಬರಹವನ್ನೂ ಬೇರ್ಪಡಿಸಲು ಯತ್ನಿಸುತ್ತದೆ. ಬೇರ್ಪಡಿಸುವುದು ಕಷ್ಟ. ‘ಬೆಣ್ಣೆ ದೋಸೆ ಹೋಟೆಲ್’ ಎಂಬುದು ಹೆಸರು. ‘ದಾವಣಗೆರೆ ಬೆಣ್ಣೆ ದೋಸೆ ಹೋಟೆಲ್’ ಎಂಬ ಫಲಕ ದಾವಣಗೆರೆಯ ಒಳಗೇ ಇದ್ದರೆ ಊರಿನ ಹೆಸರು ಮಾಹಿತಿಯಾಗಿ ಅನವಶ್ಯಕ, ಆದ್ದರಿಂದ ಅದು ಪ್ರತಿಷ್ಠೆಯ ಗುರುತು. ಅದೇ ಫಲಕ ಬೆಂಗಳೂರಿನಲ್ಲಿದ್ದರೆ ತಿನಿಸಿನ ಬಗೆಯನ್ನು ಸೂಚಿಸುವ ವಿಶೇಷಣ. ‘ಅಸಲಿ’ ಎಂಬ ಪದ ಸೇರಿದರೆ ಪಕ್ಕದ ಅಂಗಡಿಯ ಜೊತೆ ವಾಗ್ವಾದವೇ ಆರಂಭವಾದಂತೆ. ತೆರಿಗೆ ಅಧಿಕಾರಿಯು ಈ ಪ್ರಶ್ನೆಗೆ ಉತ್ತರಿಸುವಾಗ ಗೊತ್ತಿಲ್ಲದೆಯೇ ಪದದ ಅರ್ಥವನ್ನು ಅಂಗಡಿಯ ಸ್ಥಳದಿಂದ ನಿರ್ಧರಿಸುತ್ತಿರುತ್ತಾನೆ.

ತೆರಿಗೆಯ ಕಥೆ ಇಲ್ಲಿಗೆ ಬಹುಮಟ್ಟಿಗೆ ಮುಗಿದಿದೆ. ಸರಕು ಮತ್ತು ಸೇವಾ ತೆರಿಗೆಗೆ ದಾರಿ ಮಾಡಿದ ಸಂವಿಧಾನದ 101ನೆಯ ತಿದ್ದುಪಡಿಯು ರಾಜ್ಯ ಪಟ್ಟಿಯ 55ನೆಯ ನಮೂದನ್ನು ತೆಗೆದುಹಾಕಿತು; ಜಾಹೀರಾತಿನ ಮೇಲೆ ತೆರಿಗೆ ಹಾಕುವ ಅಧಿಕಾರ ಅದರೊಂದಿಗೆ ಹೋಯಿತು. ಅನುಮತಿ ಕೊಡುವ, ಅನುಮತಿಯಿಲ್ಲದ್ದನ್ನು ತೆರವುಗೊಳಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಲ್ಲಿ ಉಳಿದಿದೆ.

ಮೇಲೆ, ಅರ್ಧ, ಶೇಕಡಾ 60

1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು. ಖಾಸಗಿ ಅಂಗಡಿಯ ಫಲಕ ಅದರ ವಿಷಯವಾಗಿರಲಿಲ್ಲ. ಅದೇ ವರ್ಷದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ನಿಯಮಗಳಿಗೆ ಬಳಿಕ ಸೇರಿದ 24-ಎ ನಿಯಮವು ಮೊದಲ ಬಾರಿಗೆ ನಾಮಫಲಕ ಕನ್ನಡದಲ್ಲಿರಬೇಕು, ಬೇರೆ ಭಾಷೆಯಿದ್ದರೆ ಅದು ಕನ್ನಡದ ಕೆಳಗಿರಬೇಕು ಎಂದಿತು. ಇಲ್ಲಿ ಅಳತೆಯಿಲ್ಲ, ಸ್ಥಾನವಿದೆ. ಮೇಲು-ಕೆಳಗು ಎಂಬುದು ನಮ್ಮ ಸಮಾಜದಲ್ಲಿ ಎಷ್ಟು ಭಾರದ ಪದಗಳೆಂದು ವಿವರಿಸಬೇಕಿಲ್ಲ. ನಿಯಮವು ಭಾಷೆಗಳ ಸಂಬಂಧವನ್ನು ಆಸನ ವ್ಯವಸ್ಥೆಯಾಗಿ ಕಂಡಿತು. ಈ ನಿಯಮಕ್ಕೆ ಮೂಲ ಅಧಿನಿಯಮದಲ್ಲಿ ಆಧಾರವಿದೆಯೇ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕಾರ್ಮಿಕರ ರಕ್ಷಣೆಯ ಕಾನೂನು ಭಾಷೆಯ ಭಾರವನ್ನು ಹೊರಬಲ್ಲುದೇ ಎಂಬ ಸಂದೇಹ ಸಹಜವೇ ಆಗಿತ್ತು.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಆ ಭಾರವನ್ನು ಭಾಷಾ ಕಾನೂನಿಗೇ ವರ್ಗಾಯಿಸಿತು. ಅದರ 17ನೆಯ ಪ್ರಕರಣದ 6ನೆಯ ಉಪಪ್ರಕರಣವು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ, ಆಸ್ಪತ್ರೆ, ಪ್ರಯೋಗಾಲಯ, ಹೋಟೆಲು ಮೊದಲಾದವುಗಳ ಫಲಕದ ಮೇಲ್ಭಾಗದ ಅರ್ಧ ಕನ್ನಡದಲ್ಲಿರಬೇಕೆಂಬ ಅರ್ಥದ ಮಾತನ್ನು ಬಳಸಿತು. ಷಷ್ಠಿಯ ಈ ಸರಪಣಿ ಎರಡು ಅರ್ಥಗಳಿಗೆ ಎಡೆಕೊಡುತ್ತದೆ. ‘ಮೇಲ್ಭಾಗದ’ ಎಂಬುದು ‘ಅರ್ಧ’ ಯಾವುದೆಂದು ಗುರುತಿಸುತ್ತದೆ ಎಂದುಕೊಂಡರೆ ಫಲಕದ ಮೇಲಿನ ಅರ್ಧವೆಲ್ಲ ಕನ್ನಡ. ಮೊದಲು ಮೇಲ್ಭಾಗವನ್ನು ಗುರುತಿಸಿ ಅದರಲ್ಲಿ ಮತ್ತೆ ಅರ್ಧವನ್ನು ಎಣಿಸಿದರೆ ಇಡೀ ಫಲಕದ ಕಾಲುಭಾಗ ಮಾತ್ರ. ಸಂಶೋಧನಾ ವಿದ್ಯಾರ್ಥಿಗಳಿಗೆ ವ್ಯಾಪ್ತಿ ಸಂದಿಗ್ಧತೆಗೆ ಉದಾಹರಣೆ ಬೇಕಾದರೆ ಪಠ್ಯಪುಸ್ತಕದ ಕೃತಕ ವಾಕ್ಯಗಳಿಗಿಂತ ಇದನ್ನು ನಾವು ಶಿಫಾರಸು ಮಾಡುತ್ತೇವೆ.

2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಫಲಕಗಳ ವಿಚಾರವಾಗಿ ಪ್ರತಿಭಟನೆ ನಡೆಯಿತು. 2024ರ ಜನವರಿಯಲ್ಲಿ ಸಚಿವ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು, ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು, ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಹೊಸ ಪಠ್ಯವು ಹಳೆಯ ಸಂದಿಗ್ಧತೆಯನ್ನು ಬಿಡಿಸಲು ಪ್ರಮಾಣವನ್ನೂ ಸ್ಥಾನವನ್ನೂ ಎರಡು ಬೇರೆ ಷರತ್ತುಗಳನ್ನಾಗಿ ಮಾಡಿತು: ಶೇಕಡಾ 60 ಕನ್ನಡ, ಮತ್ತು ಅದು ಫಲಕದ ಮೇಲಿನ ಅರ್ಧದಲ್ಲಿ. ಓದುಗರು ಗಮನಿಸಿರಬಹುದು, ಮೇಲಿನ ಅರ್ಧವೆಂಬುದು ಶೇಕಡಾ 50. ಆದ್ದರಿಂದ ಶೇಕಡಾ 60 ಎಂಬುದನ್ನು ಫಲಕದ ವಿಸ್ತೀರ್ಣವೆಂದು ತಿಳಿದರೆ ಎರಡು ಷರತ್ತುಗಳೂ ಒಟ್ಟಿಗೆ ಅಕ್ಷರಶಃ ನೆರವೇರಲಾರವು. ಬರಹದ ಒಟ್ಟು ಪಾಲೆಂದು ತಿಳಿದರೆ ಮಾತ್ರ ನೆರವೇರುತ್ತವೆ. ಫಲಕ ಬರೆಯುವವರು ಈ ತರ್ಕಕ್ಕೆ ಕಾಯದೆ ಗೆರೆಯನ್ನು ನಡುವಿನಿಂದ ತುಸು ಕೆಳಗೆ ಎಳೆದು ಕೆಲಸ ಮುಗಿಸಿದ್ದಾರೆ.

ಒತ್ತಕ್ಷರದ ಜಾಗ

ಅಳತೆಯ ಕಾನೂನನ್ನು ಬೀದಿಯಲ್ಲಿ ಜಾರಿಗೆ ತರುವವರು ಅಧಿಕಾರಿಗಳಿಗಿಂತ ಹೆಚ್ಚಾಗಿ ಫಲಕದ ಕುಶಲಕರ್ಮಿಗಳು. ದಾವಣಗೆರೆಯ ಹಳೆಯ ಪೇಟೆಯಲ್ಲಿ ಕುಂಚದಿಂದ ಬರೆದು ಬಾಳಿದ ಹಿರಿಯರೊಬ್ಬರು ನಮಗೆ ತಮ್ಮ ಕ್ರಮವನ್ನು ತೋರಿಸಿಕೊಟ್ಟರು. ಇಂಗ್ಲಿಷಿಗಾದರೆ ಎರಡು ಗೆರೆ ಸಾಕು. ಕನ್ನಡಕ್ಕೆ ಅವರು ಮೂರು ಗೆರೆ ಹಾಕುತ್ತಾರೆ, ಮೂರನೆಯದು ಒತ್ತಿಗೆ. ‘ಸ್ಟೋರ್ಸ್’ ಎಂಬ ಪದದಲ್ಲಿ ‘ಟ’ಕಾರ ‘ಸ’ಕಾರದ ಕೆಳಗೆ ಇಳಿಯುತ್ತದೆ, ಅರ್ಕಾವೊತ್ತು ಪಕ್ಕಕ್ಕೆ ಚಾಚುತ್ತದೆ. ಕೆಲವು ಫಲಕಗಳಲ್ಲಿ ಅದೇ ಪದ ‘ಸ್ಟೋರ್‌ಸ್’ ಎಂದು ಬಿಡಿಯಾಗಿ ಹರಡಿಕೊಳ್ಳುತ್ತದೆ. ಒಂದೇ ವಿಸ್ತೀರ್ಣದಲ್ಲಿ ಬರೆದ ಕನ್ನಡದ ಅಕ್ಷರದೇಹ ಇಂಗ್ಲಿಷಿನದಕ್ಕಿಂತ ಚಿಕ್ಕದಾಗುವುದು ಈ ಕಾರಣದಿಂದ. ಅರ್ಧದಷ್ಟು ಜಾಗ ಕೊಟ್ಟ ಮಾತ್ರಕ್ಕೆ ಅರ್ಧದಷ್ಟು ಗೋಚರತೆ ಸಿಗುವುದಿಲ್ಲವೆಂದು ಆ ಹಿರಿಯರಿಗೆ ಶಾಸನಕ್ಕಿಂತ ಮೊದಲೇ ತಿಳಿದಿತ್ತು. ಶೇಕಡಾ 60 ಎಂಬ ಸಂಖ್ಯೆಗೆ ಲಿಪಿಯ ರಚನೆಯ ದೃಷ್ಟಿಯಿಂದ ಸಮರ್ಥನೆ ಇದ್ದರೆ ಅದು ಇಲ್ಲಿದೆ, ಯಾರೂ ಆ ಸಮರ್ಥನೆಯನ್ನು ಮುಂದಿಡದಿದ್ದರೂ.

ಫ್ಲೆಕ್ಸ್ ಮುದ್ರಣ ಬಂದ ಮೇಲೆ ಮೂರನೆಯ ಗೆರೆ ಮರೆತುಹೋಯಿತು. ಗಣಕಯಂತ್ರದಲ್ಲಿ ಸಾಲುಗಳ ಅಂತರವನ್ನು ಇಂಗ್ಲಿಷಿನ ಲೆಕ್ಕಕ್ಕೆ ಹೊಂದಿಸಿ, ಒತ್ತಕ್ಷರವನ್ನು ಕೆಳಸಾಲಿನ ತಲೆಯ ಮೇಲೆ ಕೂರಿಸಿದ ಫಲಕಗಳನ್ನು ಎರಡೂ ಊರುಗಳಲ್ಲಿ ಕಾಣಬಹುದು. 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. ಆದರೂ ಕುಂಚ ಮರಳಿ ಬರಲಿಲ್ಲ.

ಲಿಪಿಯೇ ಭಾಷೆಯಾದಾಗ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಶಾಸನವು ‘ಕನ್ನಡ ಭಾಷೆ’ ಎನ್ನುತ್ತದೆ. ನಿರೀಕ್ಷಕನು ಅಳೆಯುವುದು ಕನ್ನಡ ಲಿಪಿಯನ್ನು. ಆ ಸಮೀಕರಣವನ್ನು ಹಾಸ್ಯ ಮಾಡುವುದು ಸುಲಭ. ಅದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ಸೂಚಿಸುವುದು ಸುಲಭವಲ್ಲ. ಪದಮೂಲವನ್ನು ಆಧಾರವಾಗಿಟ್ಟುಕೊಂಡರೆ ದಾವಣಗೆರೆಯ ಮಂಡಿಪೇಟೆಯಲ್ಲಿ ಉಳಿಯುವುದು ಕಡಿಮೆ. ‘ಅಂಗಡಿ’ ದ್ರಾವಿಡ ಪದ, ಮಧ್ಯಕಾಲದ ಶಾಸನಗಳಲ್ಲಿ ‘ಅಂಗಡಿದೆರೆ’ಯಾಗಿ ತೆರಿಗೆಯ ಪಟ್ಟಿಗೆ ಸೇರಿದ್ದು. ಆದರೆ ‘ದಲಾಲಿ’ ಅರಬ್ಬಿಯಿಂದ ಬಂದದ್ದು, ‘ಖಾನಾವಳಿ’ ಮರಾಠಿಯ ಮೂಲಕ ಬಂದದ್ದು, ‘ಮಂಡಿ’ ಉತ್ತರದ್ದು, ‘ಹೋಟೆಲು’ ಇಂಗ್ಲಿಷಿನದು. ಖಾನಾವಳಿಯಲ್ಲಿ ಜೋಳದ ರೊಟ್ಟಿ ಉಣ್ಣುವವನಿಗೆ ಆ ಪದ ಕನ್ನಡವಲ್ಲವೆಂದರೆ ನಗುತ್ತಾನೆ, ಅವನು ನಗುವುದು ಸರಿಯೇ.

ರೂಪರಚನೆ ಇನ್ನೊಂದು ದಾರಿ ತೋರಿಸುತ್ತದೆ. ಕನ್ನಡ ಎರವಲು ಪದವನ್ನು ತನ್ನದಾಗಿಸಿಕೊಳ್ಳುವಾಗ ಕೊನೆಗೆ ‘ಉ’ಕಾರ ಸೇರಿಸುತ್ತದೆ: ಬ್ಯಾಂಕು, ಬಸ್ಸು, ಕಾರು. ಹಳಗನ್ನಡದ ನೀರ್, ಕಣ್ ಮೊದಲಾದ ವ್ಯಂಜನಾಂತ ರೂಪಗಳು ಸ್ವರಾಂತವಾದದ್ದೂ ಇದೇ ಒಲವಿನಿಂದ. ಫಲಕಗಳಲ್ಲಿ ಮಾತ್ರ ಬ್ಯಾಂಕ್, ಟ್ರೇಡರ್ಸ್, ಎಂಟರ್‌ಪ್ರೈಸಸ್, ಮೆಡಿಕಲ್ಸ್ ಎಂಬ ವ್ಯಂಜನಾಂತ ರೂಪಗಳೇ ನಿಲ್ಲುತ್ತವೆ. ಬಾಯಲ್ಲಿ ‘ಬ್ಯಾಂಕಿಗೆ ಹೋದೆ’ ಎನ್ನುವವನು ಫಲಕಕ್ಕೆ ‘ಬ್ಯಾಂಕು’ ಎಂದು ಬರೆಸುವುದಿಲ್ಲ. ಬರೆಸಿದರೆ ಹಳ್ಳಿಯದೆಂಬ ಭಾವನೆ ಬರುತ್ತದೆಂದು ಹೆದರುತ್ತಾನೆ. ಹೀಗೆ ಆಡುಮಾತು ಪದವನ್ನು ಕನ್ನಡದ ಧ್ವನಿರಚನೆಗೆ ಒಗ್ಗಿಸಿದರೆ, ಫಲಕದ ಬರಹವು ಅದೇ ಪದವನ್ನು ಕನ್ನಡ ಲಿಪಿಯಲ್ಲಿಯೇ ಇಂಗ್ಲಿಷಾಗಿ ಕಾಪಾಡುತ್ತದೆ.

ವಿರುದ್ಧ ದಿಕ್ಕಿನ ಉದಾಹರಣೆಯೂ ಈ ಎರಡು ಊರುಗಳ ಹೆಸರಿನಲ್ಲಿಯೇ ಇದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ದಾವಣಗೆರೆ ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ರೋಮನ್ ಲಿಪಿಯ ಫಲಕಗಳಲ್ಲಿ ‘ಣ’ಕಾರದ ಅಕಾರವನ್ನು ಉಳಿಸಿದ ರೂಪವೂ ಬಿಟ್ಟ ರೂಪವೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ, ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರಿನಲ್ಲಿರುವುದು ಬಿಟ್ಟ ರೂಪ. ಹರಿಹರದ ಕೊನೆಯ ಅಕಾರ ರೋಮನ್ನಿನಲ್ಲಿ ಸಾಮಾನ್ಯವಾಗಿ ಲೋಪವಾಗಿರುತ್ತದೆ. ಕನ್ನಡ ಫಲಕದಲ್ಲಿ ಈ ಎರಡೂ ಹೆಸರುಗಳಿಗೆ ಒಂದೊಂದೇ ರೂಪ.

ಹೋಲಿಕೆಗೆ ಕ್ವಿಬೆಕ್ ಪ್ರಾಂತ್ಯವನ್ನು ನೋಡಬಹುದು. 1997ರಲ್ಲಿ ಲ್ಯಾಂಡ್ರಿ ಮತ್ತು ಬೂರಿಸ್ ‘ಭಾಷಿಕ ಭೂದೃಶ್ಯ’ದ ಪರಿಕಲ್ಪನೆಯನ್ನು ರೂಪಿಸಿದ್ದೂ ಕೆನಡಾದ ಸಾಮಗ್ರಿಯಿಂದಲೇ. ಅಲ್ಲಿ 1977ರ ಸನ್ನದು ವಾಣಿಜ್ಯ ಫಲಕಗಳಲ್ಲಿ ಫ್ರೆಂಚನ್ನು ಮಾತ್ರ ಒಪ್ಪಿತು, 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, 1993ರ ಕಾನೂನು ಫ್ರೆಂಚ್ ಸ್ಪಷ್ಟವಾಗಿ ಪ್ರಧಾನವಾಗಿರಬೇಕೆಂಬ ಸೂತ್ರಕ್ಕೆ ಬಂದಿತು. ಫ್ರೆಂಚಿಗೂ ಇಂಗ್ಲಿಷಿಗೂ ಲಿಪಿ ಒಂದೇ ಆದುದರಿಂದ ಅಲ್ಲಿನ ಅಧಿಕಾರಿಗೆ ಪದವನ್ನು ಓದದೆ ಗತ್ಯಂತರವಿಲ್ಲ. ಆ ಕಾರಣದಿಂದಲೇ ಅಲ್ಲಿನ ವಿವಾದ ವಾಣಿಜ್ಯ ಮುದ್ರೆಯ ಪಕ್ಕದಲ್ಲಿ ವಸ್ತುವಿನ ಸಾಮಾನ್ಯನಾಮ ಫ್ರೆಂಚಿನಲ್ಲಿರಬೇಕೇ ಎಂಬ ಕಡೆಗೆ ಹೊರಳಿತು. ನಮ್ಮಲ್ಲಿ ಲಿಪಿ ಬೇರೆಯಾಗಿರುವುದು ನಿರೀಕ್ಷಕನಿಗೆ ಅನುಕೂಲವಾಗಿ, ಸಾಮಾನ್ಯನಾಮದ ಪ್ರಶ್ನೆ ಹುಟ್ಟಲೇ ಇಲ್ಲ.

ಹುಟ್ಟಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ದಾವಣಗೆರೆ ವೈದ್ಯಕೀಯ ಪಟ್ಟಣ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಸುತ್ತಲಿನ ತಾಲ್ಲೂಕುಗಳ ರೋಗಿಗಳಿಗೆ ಇದು ಗುರಿ. ಜಗಳೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಹೆಂಗಸೊಬ್ಬಳಿಗೆ ಕನ್ನಡ ಅಕ್ಷರ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ ಎಂದುಕೊಳ್ಳೋಣ. ‘ಡಯಾಗ್ನೋಸ್ಟಿಕ್ ಅಂಡ್ ಇಮೇಜಿಂಗ್ ಸೆಂಟರ್’ ಎಂಬ ಫಲಕವನ್ನು ಅವಳು ಅಕ್ಷರ ಕೂಡಿಸಿ ಉಚ್ಚರಿಸಬಲ್ಲಳು; ಒಳಗೆ ಏನು ಮಾಡುತ್ತಾರೆಂದು ತಿಳಿಯಲಾರಳು. ‘ರಕ್ತ ಪರೀಕ್ಷೆ, ಎಕ್ಸ್-ರೇ’ ಎಂದು ಬರೆದರೆ ತಿಳಿಯುತ್ತದೆ, ಅದರಲ್ಲಿ ಇಂಗ್ಲಿಷ್ ಪದ ಇದ್ದರೂ. ಕಾನೂನಿನ ಅಳತೆಯಲ್ಲಿ ಎರಡೂ ಫಲಕಗಳು ಸಮ. ಹೆಸರನ್ನು ಲಿಪ್ಯಂತರಿಸಲಿ, ಬೇಡವೆನ್ನುವುದಿಲ್ಲ. ಒಳಗಿನ ಕೆಲಸವನ್ನು ಹೇಳುವ ಸಾಮಾನ್ಯನಾಮ ಓದುಗರಿಗೆ ಅರ್ಥವಾಗುವ ಕನ್ನಡದಲ್ಲಿರಬೇಕೆಂಬ ಒಂದು ವಾಕ್ಯ ನಿಯಮಗಳಲ್ಲಿ ಸೇರಬಹುದು. ಕನಿಷ್ಠ ಆಸ್ಪತ್ರೆ ಮತ್ತು ಪ್ರಯೋಗಾಲಯಗಳ ಮಟ್ಟಿಗೆ, ಏಕೆಂದರೆ ಉಪಪ್ರಕರಣ ಅವನ್ನು ಹೆಸರಿಸಿಯೇ ಹೇಳಿದೆ.

ಉಳಿದ ಶೇಕಡಾ 40ರ ಬಗ್ಗೆ ಒಂದು ಮಾತು. ಎರಡೂ ಊರುಗಳಲ್ಲಿ ಉರ್ದು ಮನೆಮಾತಿನವರ ಅಂಗಡಿಗಳಿವೆ, ಮೂರು ಲಿಪಿಗಳ ಫಲಕಗಳಿವೆ. ಪ್ರಮಾಣದ ಕಾನೂನು ಕನ್ನಡಕ್ಕೆ ಜಾಗ ಮಾಡಿಕೊಡುವಾಗ ಆ ಜಾಗವನ್ನು ಯಾವ ಭಾಷೆಯಿಂದ ತೆಗೆದುಕೊಳ್ಳಬೇಕೆಂದು ಹೇಳುವುದಿಲ್ಲ. ಮರುಬರೆಯುವ ಖರ್ಚು ಅಂಗಡಿಯವನದು. ಉಳಿದ ಜಾಗದಲ್ಲಿ ಎರಡು ಸಾಲು ಹಿಡಿಯದಿದ್ದರೆ ಅವನು ಇಂಗ್ಲಿಷನ್ನು ಉಳಿಸಿಕೊಳ್ಳುತ್ತಾನೆ. ಇಂಗ್ಲಿಷಿನ ಆಕ್ರಮಣದ ವಿರುದ್ಧ ರೂಪುಗೊಂಡ ಶಾಸನದ ಬಿಸಿ ಮೊದಲು ತಟ್ಟುವುದು ಹೀಗೆ ಉರ್ದುವಿಗೆ.

ಇದನ್ನೆಲ್ಲ ಪರೀಕ್ಷಿಸಲು ಬೇಕಾದ ಸಾಮಗ್ರಿ ಬೇಗನೆ ಅಳಿಯುತ್ತಿದೆ. 2024ರ ಫೆಬ್ರವರಿ 28ರ ಗಡುವಿನ ಆಸುಪಾಸಿನಲ್ಲಿ ಇಳಿಸಿದ ಫಲಕಗಳು ಗುಜರಿಗೆ ಹೋದವು. ಹಳೇ ಪೇಟೆಯ ಕೆಲವು ಗೋಡೆಗಳ ಮೇಲೆ ಸುಣ್ಣದ ಪದರಗಳ ಅಡಿಯಲ್ಲಿ ಮೂರನೆಯ ಗೆರೆ ಹಾಕಿ ಬರೆದ ಅಕ್ಷರಗಳು ಇನ್ನೂ ಅಸ್ಪಷ್ಟವಾಗಿ ಕಾಣುತ್ತವೆ. ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವ ಸಂಶೋಧನಾ ವಿದ್ಯಾರ್ಥಿಗಳು ಮುಂದಿನ ದೀಪಾವಳಿಗೆ ಅವುಗಳ ಮೇಲೆ ಬಣ್ಣ ಬೀಳುವ ಮೊದಲು ಅಲ್ಲಿಗೆ ಹೋಗಿ ಛಾಯಾಚಿತ್ರ ತೆಗೆಯುವುದು ಒಳ್ಳೆಯದು. ಬೆಳಗಿನ ಓರೆ ಬಿಸಿಲಿನಲ್ಲಿ ಒತ್ತಕ್ಷರಗಳು ಹೆಚ್ಚು ಚೆನ್ನಾಗಿ ಮೂಡುತ್ತವೆ.